ಕುರ್ಚಿಯಿಂದ ಹತ್ತು ಸಲ

ನೇಸರಗಿ
೨೮-೮-೨೦೦೩

ಪ್ರೀತಿಯ ಬಾಯವ್ವ,

ನಿನ್ನ ವೈನಿಯ ನೆನಪುಗಳು. "ನಾವೆಲ್ಲ ಕ್ಷೇಮ" ಎಂದು ಬರೆಯಲು ಪೆನ್ನು ಒಪ್ಪಲಿಲ್ಲ, ಅದಕ್ಕೇ ಪತ್ರ ತಡವಾಯಿತು. ಸಿಟ್ಟಾಗಬೇಡ.

ಪಂಚಮಿಯ ಮರುದಿನ ನಿಮ್ಮವ್ವ ಬಚ್ಚಲಲ್ಲಿ ಕುಳಿತವರು ಏಳಲಿಲ್ಲ. ಬಿದ್ದಿಲ್ಲ, ಪೆಟ್ಟಿಲ್ಲ, ಬರೀ ಏಳಲಾಗಲಿಲ್ಲ. ನಾನೂ ನಿಮ್ಮಣ್ಣನೂ ಸೇರಿ ಎತ್ತಿದೆವು. ಬೈಲಹೊಂಗಲದ ಡಾಕ್ಟರ್ ಅಂದಾನೆಪ್ಪನವರು ತೊಡೆ ಒತ್ತಿ ನೋಡಿ, "ಇವ್ರು ದಿನಾ ಏನ್ ಮಾಡ್ತಾರ್ರೀ?" ಎಂದು ಕೇಳಿದರು.

"ಒಂದು ಕಡ್ಡಿನೂ ಎತ್ತಗೊಡಂಗಿಲ್ರಿ. ಕುರ್ಚಿ ಮ್ಯಾಲ ಆರಾಮ ಕುಂದ್ರಿಸೇವ್ರಿ" ಎಂದೆ.

"ಕುಂದ್ರಿಸೇ ಕೆಡಿಸೀರಿ. ವಯಸ್ಸಾದಂಗ ಮಾಂಸಖಂಡ ಕರಗೂದ. ದುಡಿಸಿದ್ರ ಸಾವಕಾಶ ಕರಗ್ತೈತಿ, ಕುಂದ್ರಿಸಿದ್ರ ಲಗೂ. ಆದ್ರ ಎಪ್ಪತ್ತರಾಗೂ ಮತ್ತ ಬೆಳಿಸಾಕ ಬರ್ತದ."

ಚೀಟಿಯಲ್ಲಿ ಗುಳಿಗೆಯ ಹೆಸರೇ ಇಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಮೂರು ಹೊತ್ತು. ಊಟಕ್ಕೆ ಬೇಳೆ, ಮೊಸರು, ಶೇಂಗಾ. ದಸರೆಯೊಳಗೆ ಏಳದಿದ್ದರೆ ಮುಂದೆ ಹಾಸಿಗೆಯೇ ಎಂದರು.

ಬಿ.ಎ. ಓದಿದ್ದು ಈಗ ಉಪಯೋಗಕ್ಕೆ ಬಂತು, ಪ್ರಾಸ ಕಟ್ಟಿ ಹುರುಪು ತುಂಬುತ್ತೇನೆ: "ಏಳ್ರಿ ಅತ್ತಿ ಏಳ್ರಿ, ಕಾಲಿನ ಮಾತು ಕೇಳ್ರಿ!"

"ಕಾಲು ಏನಂತೈತಿ ಗೊತ್ತೈತೇನ? ಮೊದಲ ಈಕಿ ಹಾಡು ನಿಂದ್ರಸು ಅಂತೈತಿ."

ಮೂರು ವಾರ ಸೊನ್ನೆ. ಕೈ ತಾನಾಗಿ ಕುರ್ಚಿಯ ತೋಳಿಗೆ ಹೋಗುತ್ತದೆಂದು ಸೆರಗಿನಲ್ಲಿ ಸುತ್ತಿಕೊಂಡರು. ಇಂದು ಬೆಳಿಗ್ಗೆ ಅರ್ಧ ಎದ್ದು ಅಲ್ಲೇ ನಿಂತುಬಿಟ್ಟರು. ತೊಡೆ ಗಡಗಡ ನಡುಗುತ್ತಿತ್ತು. ನಾನು ಕೈ ಚಾಚಿದೆ. "ಹಿಡೀಬ್ಯಾಡ, ಅತ್ತ ಸರಿ!" ಎಂದು ಗದರಿದರು. ಸರಿದೆ. ಎದ್ದರು, ಒಂದೇ ಸಲ. ಎರಡನೆಯದಕ್ಕೆ ಧಪ್ಪನೆ ಕುರ್ಚಿಗೇ ಕುಸಿದರು. ಇನ್ನೂ ಒಂಬತ್ತು ಬಾಕಿ, ದಸರೆಗೆ ಐದು ವಾರ.

ನೀನು ಹಬ್ಬಕ್ಕೆ ಬಂದಾಗ ನಿಮ್ಮವ್ವ ಕೆಲಸ ಮಾಡುತ್ತಿದ್ದರೆ ಬಾಯಿ ಮಾಡಬೇಡ. ಅದು ಆಳಿನ ದುಡಿತವಲ್ಲ, ಕಾಲಿನ ಔಷಧ.

ಮಕ್ಕಳಿಗೆ ಆಶೀರ್ವಾದ. ಎಲ್ಲರ ಮೊಣಕಾಲೂ ಗಟ್ಟಿಯಾಗಿರಲಿ.

ನಿನ್ನ ವೈನಿ,
ಇಂದ್ರವ್ವ

ತಾ.ಕ.: ಮೂರು ವರ್ಷದ ಹಿಂದೆ ಪಂಚಮಿಗೆ ಬಂದ ನೀನು, ನಿಮ್ಮವ್ವ ಅಂಗಳ ಗುಡಿಸುವುದನ್ನು ಕಂಡು ಓಣಿಗೆಲ್ಲ ಕೇಳುವಂತೆ, "ನಮ್ಮವ್ವನ್ನ ಆಳು ಮಾಡೀ ಏನ?" ಎಂದಿದ್ದೆ. ನೀನು ಬಸ್ಸು ಹತ್ತಿದ ದಿನವೇ ನಾನು ಅವರ ಕೈಯಿಂದ ಕಸಬರಿಗೆ ಕಸಿದುಕೊಂಡೆ. "ಇಂದ್ರಾ, ಅಂಗಳಾದ್ರೂ ಗುಡಿಸ್ತೇನಿ, ಕೊಡ" ಎಂದು ದಿನಾ ಬೇಡುತ್ತಿದ್ದರು. "ನಿಮ್ಮ ಮಗಳನ್ನ ಕೇಳ್ರಿ" ಎನ್ನುತ್ತಿದ್ದೆ. ಓಣಿಯವರು ಎಂಥ ಸೊಸೆ ಎಂದು ಹೊಗಳಿದರು. ಅದು ಸೇವೆಯಾಗಿರಲಿಲ್ಲ ಬಾಯವ್ವ, ನಿನ್ನ ಮೇಲಿನ ಸಿಟ್ಟು. ಸವೆದದ್ದು ಅವರ ಕಾಲು.

ಇಂದು ನಡುಗುತ್ತ ಎದ್ದು ನಿಂತವರು ಮೊದಲು ಕೇಳಿದ್ದು: "ಈಗರ ಕಸಬರಗಿ ಕೊಡ್ತಿಯೇನ, ಇಂದ್ರಾ?"