ಏಳನೇ ತಟ್ಟೆಯ ಕೊನೆಯ ಹಾಡು

ಇಸವಿ ಎರಡು ಸಾವಿರದ ನಾನೂರ ಹನ್ನೊಂದು, ಹದಿಮೂರನೇ ತಿಂಗಳ ಮೂವತ್ತೇಳನೇ ತಾರೀಕು
ಕರಿಗುಡ್ಡದಹಾಳ, ಗದಗಿನ ಸೀಮೆ

ತಾರೀಕು ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರ್ ಹೀಗೇ ಇದೆ, ಅದನ್ನು ತಿದ್ದಿದವನು ನಾನಲ್ಲ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ಸೊಟ್ಟಗೆ ಕಂಡಾವು. ನಿಮ್ಮ ಕಾಲದ ಕನ್ನಡವನ್ನು ಹಳೇ ಪುಸ್ತಕಗಳಿಂದ ಹೆಕ್ಕಿ ತಂದು, ನಾಲ್ಕು ನೂರು ವರ್ಷ ಹಿಂದಕ್ಕೆ ಬಾಗಿ ಬರೆಯುತ್ತಿದ್ದೇನೆ. ಎಲ್ಲಾದರೂ ಸೊಂಟ ಹಿಡಿದುಕೊಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಇಯತ್ತೆ. ಏಳನೇ ಇಯತ್ತೆಗೆ ಶಾಲೆಗೇ ಮೊದಲಿಗನಾಗಿ ಪಾಸಾದವನು. ಪರೀಕ್ಷೆಗೆ ಕೂತವರು ಇಬ್ಬರೇ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಇದು ತಪ್ಪೊಪ್ಪಿಗೆಯ ಪತ್ರ, ಅದಕ್ಕೆ ಹೇಳಿದೆ. ಹೆಸರು ಫಕೀರಪ್ಪ, ಊರ ಚಿಕ್ಕವರಿಗೆಲ್ಲ ಫಕೀರ ಮಾಮಾ.

ಈ ಕಾಗದ ನಿಮಗೆ ಸೇರುವುದು ಹಿಂಟಪಾಲಿನಲ್ಲಿ. ಅಂದರೆ ಹಿಂದಕ್ಕೆ ಹೋಗುವ ಟಪಾಲು. ಒಬ್ಬ ಮನುಷ್ಯನಿಗೆ ಜನ್ಮಕ್ಕೆ ಒಂದೇ ಪತ್ರ, ಅದರಲ್ಲಿ ಅಕ್ಷರ ಮಾತ್ರ ಹೋಗುತ್ತದೆ, ದನಿ ಹೋಗುವುದಿಲ್ಲ, ಹೋದದ್ದಕ್ಕೆ ಉತ್ತರವೂ ಬರುವುದಿಲ್ಲ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬರೆದು ಬಾವಿ ಎಲ್ಲಿ ತೋಡಬೇಕು ಎಂದು ತಿಳಿಸುತ್ತಾರೆ. ನಾನು ನನ್ನ ಪತ್ರವನ್ನು ಅರವತ್ತೆರಡು ವರ್ಷ ಕಾಯ್ದಿಟ್ಟಿದ್ದೆ. ರಾಜರಿಗೇ ಬರೆಯುತ್ತೇನೆ ಎಂದು ಹೇಳಿಕೊಂಡು ತಿರುಗಿದ್ದೆ. ಈಗ ಬರೆಯುತ್ತಿರುವುದು ಹೆಸರು ಗೊತ್ತಿಲ್ಲದ ನಿಮಗೆ, ಜಪಾನಿನ ಒಬ್ಬ ಹಾಡುಗಾರ್ತಿಯ ವಿಷಯಕ್ಕೆ. ಸೀದಾ ಆಕೆಗೇ ಬರೆಯಬೇಕಿತ್ತು. ಆಕೆಯ ಭಾಷೆ ನನಗೆ ಬರುವುದಿಲ್ಲ. ಮೂವತ್ತು ವರ್ಷ ಬರುತ್ತದೆ ಎಂದು ಊರಿಗೆಲ್ಲ ಹೇಳಿದ್ದೆ, ಅದು ಬೇರೆ ಮಾತು.

ಆಕೆಯ ಹೆಸರು ಚಿಯೊರಿ ಅಮಗಾಸೆ. ನಮ್ಮೂರ ಬಾಯಲ್ಲಿ ಚಿಯವ್ವ. ನೀವು ಹಾಡುಗಳನ್ನೆಲ್ಲ ಮನೆಯಲ್ಲಿಡದೆ ಎಲ್ಲೋ ದೂರದ ಯಂತ್ರಗಳಲ್ಲಿ ಇಟ್ಟು, ಬೇಕಾದಾಗ ಕರೆಸಿ ಕೇಳುತ್ತಿದ್ದಿರಂತೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಆ ಯಂತ್ರಗಳೆಲ್ಲ ಒಂದೇ ವಾರದಲ್ಲಿ ನಿಂತವು. ನಾವು ಅದಕ್ಕೆ ದೊಡ್ಡ ಮೌನ ಎನ್ನುತ್ತೇವೆ. ಉಳಿದದ್ದು ಜನ ಅಟ್ಟದ ಮೇಲೆ ಎಸೆದಿದ್ದ ಗ್ರಾಮಫೋನಿನ ಕಪ್ಪು ತಟ್ಟೆಗಳು ಮಾತ್ರ. ಅವನ್ನು ಲೋಕದ ಊರೂರಿಗೆ ಚೀಟಿ ಎತ್ತಿ ಹಂಚಿದರು. ಒಂದೂರಿಗೆ ಒಬ್ಬರ ಹಾಡು, ಇದಕ್ಕೆ ಹಾಡುದತ್ತು ಎಂದು ಹೆಸರು. ಪಕ್ಕದ ಬೆಳಗೋಡಿಗೆ ನಾರ್ವೆ ದೇಶದ ಪಿಟೀಲಿನವನು ಬಂದ. ನಮಗೆ ಚಿಯವ್ವ ಬಂದಳು, ಒಂದು ತಗಡಿನ ಟ್ರಂಕಿನಲ್ಲಿ, ಏಳು ದೊಡ್ಡ ತಟ್ಟೆ ಹದಿನಾಲ್ಕು ಸಣ್ಣ ತಟ್ಟೆಯಾಗಿ.

ಮುಳ್ಳು ಆಡಿದಷ್ಟೂ ತಟ್ಟೆ ಸವೆಯುತ್ತದೆ. ಆದ್ದರಿಂದ ವರ್ಷಕ್ಕೆ ಒಂದೇ ತಟ್ಟೆ, ಒಂದೇ ದಿನ, ಒಂದೇ ಸಲ. ಒಮ್ಮೆ ಕೇಳಿದ ತಟ್ಟೆಯ ಸರದಿ ಮತ್ತೆ ಬರುವುದು ಇಪ್ಪತ್ತೊಂದು ವರ್ಷಕ್ಕೆ. ನಡುವೆ ಹಾಡು ಮರೆಯಬಾರದಲ್ಲ, ಅದಕ್ಕೆ ಒಂದೊಂದು ಹಾಡನ್ನು ಒಂದೊಂದು ಮನೆ ಹೊರುತ್ತದೆ. ತಾಯಿ ಮಕ್ಕಳಿಗೆ ಕಲಿಸಬೇಕು, ಅಕ್ಷರ ಬಿಡದೆ, ಉಸಿರು ಎಳೆದದ್ದನ್ನೂ ಬಿಡದೆ. ಒಬ್ಬರ ಮನೆಯ ಹಾಡನ್ನು ಇನ್ನೊಬ್ಬರು ಹಾಡುವುದು ಇನ್ನೊಬ್ಬರ ಹಿತ್ತಲಲ್ಲಿ ಕಾಯಿ ಕಿತ್ತಂತೆ. ಲಗ್ನವಾಗಿ ಹೋದವಳು ಗಂಡನ ಮನೆಯ ಹಾಡು ಕಲಿತು ತವರಿನದನ್ನು ಬಿಡಬೇಕು. ನಮ್ಮ ಮನೆ ಏಳನೇ ತಟ್ಟೆಯ ಕೊನೆಯ ಹಾಡಿನ ಮನೆ. ಅಕ್ಕ ಹದಿನಾರಕ್ಕೇ ಮೂರನೇ ತಟ್ಟೆಯವರ ಸೊಸೆಯಾಗಿ ತವರಿನ ಹಾಡು ಮರೆತಳು. ಉಳಿದವನು ನಾನು.

ಚಿಯವ್ವನ ತಟ್ಟೆಗಳ ಬಗ್ಗೆ ನನ್ನಷ್ಟು ತಿಳಿದವನು ಈ ಸೀಮೆಯಲ್ಲಿ ಇಲ್ಲ. ಇದನ್ನು ಜಂಬ ಅಂದರೂ ಸರಿ. ತಟ್ಟೆಗಳ ಜೊತೆ ಬಂದಿದ್ದ ಕನ್ನಡದ ಒಕ್ಕಣೆಯೆಲ್ಲ ನನಗೆ ಬಾಯಿಪಾಠ. ಆಕೆ ಬಂದರಿನ ಹುಡುಗಿ, ಅಪ್ಪ ಮೀನಿನ ಪೇಟೆಗೆ ಮಂಜುಗಡ್ಡೆ ಒಯ್ಯುತ್ತಿದ್ದ. ಹತ್ತೊಂಬತ್ತಕ್ಕೆ ಮೊದಲ ಸಣ್ಣ ತಟ್ಟೆ. ಮುನ್ನೂರು ಒತ್ತಿಸಿದರು, ಅರ್ಧ ಅವಳ ಅಮ್ಮನೇ ಹಂಚಿದಳು. ಮೊದಲ ದೊಡ್ಡ ತಟ್ಟೆಯಲ್ಲಿ ದನಿ ಅಂಜುತ್ತದೆ, ತಂತಿವಾದ್ಯಗಳ ಹಿಂದೆ ಸೆರಗು ಮುಚ್ಚಿಕೊಂಡು ನಿಂತ ಹಾಗೆ. ಎರಡನೆಯದರಲ್ಲಿ ಸೆರಗು ಸರಿಯುತ್ತದೆ. ಅವರು ಸೋಲ್ ಎಂದು ಕರೆಯುವ ಆ ಬಗೆಯ ಹಾಡಿಗೆ ಆಕೆ ಇಳಿದದ್ದು ಅಲ್ಲಿ. ಅದನ್ನು ಗಂಟಲಿಂದಲ್ಲ, ಹೊಟ್ಟೆಯ ಬುಡದಿಂದ ಎಳೆದು, ತುಟಿಗೆ ಬರುವಷ್ಟರಲ್ಲಿ ಮೆತ್ತಗೆ ಮಾಡಿ ಬಿಡಬೇಕು. ನಮ್ಮ ತತ್ವಪದದವರಿಗೆ ಅದು ಥಟ್ಟನೆ ಅರ್ಥವಾಯಿತಂತೆ. ಮೂರನೆಯದರಲ್ಲಿ ಕಹಳೆಗಳು, ಇಡೀ ಜಪಾನು ಕುಣಿಯಿತು. ನಾಲ್ಕನೆಯದರಲ್ಲಿ ಯಾರೋ ದೊಡ್ಡವರ ಮಾತು ಕೇಳಿ ಹೊಳಪು ಹೊಡೆಸಿದಳು, ಬಿದ್ದಳು. ಆಮೇಲೆ ಆರು ವರ್ಷ ಏನೂ ಇಲ್ಲ. ಐದನೆಯದಕ್ಕೆ ಬಂದಾಗ ದನಿ ಎರಡು ಮೆಟ್ಟಿಲು ಕೆಳಗಿಳಿದಿತ್ತು, ಬಿಸಿಲಿಗೆ ಒಣಗಿದ ಬೆಲ್ಲದ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ಆರನೆಯದು ಅದೇ ದನಿಯ ಸುಗ್ಗಿ. ಏಳನೆಯದನ್ನು ಮನೆಯಲ್ಲೇ ಕೂತು, ಒಂದು ವಿದ್ಯುತ್ ಪಿಯಾನೋ ಇಟ್ಟುಕೊಂಡು ಹಾಡಿದಳು. ಅದರ ಒಕ್ಕಣೆಯ ಕೊನೆಯ ಹಾಳೆಯನ್ನು ಗೆದ್ದಲು ತಿಂದಿತ್ತು. ಕೊನೆಯ ಹಾಡು ಇದ್ದದ್ದು ಎರಡೇ ಕಡೆ, ತಟ್ಟೆಯಲ್ಲಿ ಮತ್ತು ನಮ್ಮವ್ವ ದ್ಯಾಮವ್ವನ ಬಾಯಲ್ಲಿ.

ಅವ್ವ ಕಲಿಸಲು ಕೂತಾಗಲೆಲ್ಲ ನಾನು, "ಬರ್ತೈತಿ ಬಿಡಬೇ, ನಿನಗಿಂತ ಚಂದ ಬರ್ತೈತಿ" ಎಂದು ಎದ್ದು ಓಡುತ್ತಿದ್ದೆ. ಪರೀಕ್ಷೆ ಮಾಡಲು ಬಂದ ಪಂಚರ ಮುಂದೆ ಎರಡು ಸಾಲು ಹಾಡಿ, ಭಾವುಕನಾದವನ ಹಾಗೆ ಕಣ್ಣೊರೆಸಿ ನಿಲ್ಲಿಸಿದೆ. ಅವರು ಪಾಸು ಮಾಡಿದರು. ಅವ್ವ ಎದ್ದು ಒಳಗೆ ಹೋದಳು. ನನ್ನ ನಲವತ್ತೊಂದನೇ ವಯಸ್ಸಿಗೆ ಅವ್ವ ಹೋದಳು, ಹಾಡು ತೆಗೆದುಕೊಂಡು ಹೋದಳು. ತಟ್ಟೆಯಿದೆಯಲ್ಲ, ಅದರ ಸರದಿ ಬಂದಾಗ ಕೇಳಿ ಕಲಿತರಾಯಿತು ಎಂದುಕೊಂಡೆ. ಅಷ್ಟರಲ್ಲಿ ಊರು ನನ್ನನ್ನೇ ಮುಳ್ಳುಗಾರನನ್ನಾಗಿ ಮಾಡಿತು. ಅಂದರೆ ಟ್ರಂಕಿನ ಕೀಲಿ ಇಟ್ಟುಕೊಂಡು, ಕೇಳುವ ದಿನ ಮುಳ್ಳು ಇಡುವವನು.

ಕಳೆದ ವರ್ಷ ಏಳನೇ ತಟ್ಟೆಯ ಸರದಿ. ಅದಕ್ಕೆ ಇಪ್ಪತ್ತು ದಿನ ಮುಂಚೆ ಅಕ್ಕನ ಮಗಳು ಕಾಶವ್ವನ ನಿಶ್ಚಯಕ್ಕೆ ಬೆಳಗೋಡಿನ ಬೀಗರು ನಮ್ಮ ಮನೆಗೇ ಬಂದಿದ್ದರು. ಊಟಕ್ಕೆ ಮುಂಚೆ ಕಟ್ಟೆಯ ಮೇಲೆ ಕೂತು ದೊಡ್ಡ ಬೀಗ ಶುರು ಮಾಡಿದ.

"ನಿಮ್ಮ ಚಿಯವ್ವ ಎಲ್ಲಿ ಹಾಡ್ಯಾಳ್ರೀ ಫಕೀರಪ್ಪನವರ? ಬರೇ ಉಸಿರು ಬಿಡ್ತಾಳಂತ. ನಮ್ಮ ಪಿಟೀಲಿನಾಂವ ಗ್ವಾಡಿ ನಡಗಸ್ತಾನ."

"ನೀವೂ ಹುಟ್ಟಿದಾಗಿಂದ ಉಸಿರು ಬಿಡಾಕತ್ತೀರಲ್ರೀ ಬೀಗರ. ಒಂದರ ಹಾಡಾತೇನು?" ಎಂದೆ.

ಎಲ್ಲರೂ ನಕ್ಕರು. ಅಲ್ಲಿಗೆ ಬಿಡಬೇಕಿತ್ತು. ನಗು ಕೇಳಿದರೆ ನನಗೆ ತಲೆ ನಿಲ್ಲುವುದಿಲ್ಲ. ಒಳಗೆ ಹೋಗಿ, ಟ್ರಂಕು ತೆಗೆದು, ಏಳನೇ ತಟ್ಟೆಯನ್ನೇ ಹೊರಗೆ ತಂದು ತೋರಿಸಿದೆ, ನೋಡಿರಿ, ಲೋಕಕ್ಕೆಲ್ಲ ಇದೊಂದೇ ಎಂದು. ಬೀಗರು ಮುಟ್ಟಲು ಕೈ ಚಾಚಿದರೆ ಕೈ ತೊಳೆದು ಬನ್ನಿ ಎಂದೆ. ಅಷ್ಟರಲ್ಲಿ ಒಳಗಿಂದ ಎಲೆ ಹಾಕಿದೆ ಎಂದು ಕೂಗಿದರು. ತಟ್ಟೆಯನ್ನು ಕಟ್ಟೆಯ ಕಡಪ ಕಲ್ಲಿನ ಮೇಲಿಟ್ಟು ಒಳಗೆ ಹೋದೆ. ಬೇಸಿಗೆಯ ಮಧ್ಯಾಹ್ನ. ಮಾವಿನ ಸೀಕರಣೆ ಎರಡು ಸಲ ಹಾಕಿಸಿಕೊಂಡೆ.

ಬೀಗರನ್ನು ಕಳಿಸಿ ನೋಡಿದರೆ ತಟ್ಟೆ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಸುರುಳಿ ಎದ್ದಿತ್ತು. ಆಗಲೇ ಪಂಚರ ಹತ್ತಿರ ಓಡಿದ್ದರೆ ತಟ್ಟೆ ವೈದ್ಯರನ್ನು ಕರೆಸುತ್ತಿದ್ದರು, ಅಂಥವರು ನಮ್ಮ ಕಾಲದಲ್ಲಿದ್ದಾರೆ. ನಾನು ಬಾಗಿಲು ಹಾಕಿಕೊಂಡು, ರೊಟ್ಟಿಯ ಹಂಚನ್ನು ಉಗುರುಬೆಚ್ಚಗೆ ಎಂದುಕೊಂಡು ಕಾಯಿಸಿ, ತಟ್ಟೆಯನ್ನು ಅದರ ಮೇಲೆ ಮಲಗಿಸಿ, ಮೇಲೆ ಒರಳುಕಲ್ಲು ಹೇರಿದೆ. ತಟ್ಟೆ ಚಪ್ಪಟೆಯಾಯಿತು. ಭಲೇ ಫಕೀರಪ್ಪ ಎಂದು ನನಗೆ ನಾನೇ ಅಂದೆ. ತಿರುವಿ ನೋಡಿದರೆ, ಹಂಚಿಗೆ ನಡುವೆಯೇ ಕಾವು ಹೆಚ್ಚಲ್ಲವೇ, ಕೆಳ ಮಗ್ಗುಲಿನ ನಡುಭಾಗದ ಗೆರೆಗಳೆಲ್ಲ ಕರಗಿ ಕನ್ನಡಿಯಾಗಿದ್ದವು. ಕೊನೆಯ ಹಾಡು ಇದ್ದ ಜಾಗ ಅದು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಆ ವರ್ಷದ ಕೇಳುವ ದಿನಕ್ಕೆ ಜಪಾನಿನಿಂದ ಒಬ್ಬ ಹೆಣ್ಣುಮಗಳು ಬರುವುದೆಂದು ಮೊದಲೇ ಗೊತ್ತಾಗಿತ್ತು. ಸಾಯೊ ಎಂದು ಹೆಸರು, ಚಿಯವ್ವನ ಬಂದರಿನವರು. ಆ ಬಂದರು ಈಗ ಸಮುದ್ರದ ಅಡಿಯಲ್ಲಿದೆ. ಮೂರು ತಿಂಗಳು ಹಡಗಿನಲ್ಲಿ ಬಂದರು. ಬರುವ ಮೊದಲು ಎರಡು ವರ್ಷ ಕೂತು ಕನ್ನಡ ಕಲಿತಿದ್ದರು. ನನ್ನ ಜಪಾನಿ ಭಾಷೆಯ ಗುಟ್ಟು ಒಡೆದೀತೆಂದು ನಾನು ಎರಡು ದಿನ ನೆಗಡಿಯ ನೆಪದಲ್ಲಿ ಮಲಗಿದೆ. ಅವರೇ ನನ್ನನ್ನು ಹುಡುಕಿಕೊಂಡು ಬಂದು, ಬಾಗಿಲಲ್ಲಿ ಬಾಗಿ ನಿಂತು, ಪುಸ್ತಕದ ಕನ್ನಡದಲ್ಲಿ ಹೇಳಿದರು: "ಕೊನೆಯ ಹಾಡಿನಲ್ಲಿ ನಮ್ಮ ಬೀದಿಗಳ ಹೆಸರುಗಳು ಇವೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ನಮ್ಮಲ್ಲಿ ಈಗ ಆ ಹೆಸರುಗಳು ಯಾರಿಗೂ ತಿಳಿದಿಲ್ಲ. ನಾನು ಬರೆದುಕೊಂಡು ಹೋಗಲು ಬಂದಿದ್ದೇನೆ."

ಕೇಳುವ ದಿನ ಊರಿಗೆ ಊರೇ ಕೂತಿತ್ತು. ಮುಳ್ಳು ಇಟ್ಟೆ. ಹತ್ತು ಹಾಡು ಬಂದವು, ಅಲ್ಲಲ್ಲಿ ಕುಂಟುತ್ತಾ. ಸಾಯೊ ಮಡಿಲಲ್ಲಿ ಹಾಳೆ ಬಿಚ್ಚಿಕೊಂಡು, ಪೆನ್ಸಿಲ್ ಹಿಡಿದು ಮುಂದಕ್ಕೆ ಬಾಗಿದರು. ಮುಳ್ಳು ಆ ನುಣುಪಿನ ಮೇಲೆ ಜಾರಿತು. ಬರೀ ಸರಸರ. ಜನ ನನ್ನ ಮುಖ ನೋಡಿದರು. ನಾನು ಎದ್ದು, ಕೈಮುಗಿದು, ಗಂಭೀರವಾಗಿ ಹೇಳಿದೆ: "ಇದ ಕೊನೇ ಹಾಡು. ಜಪಾನದಾಗ ದೊಡ್ಡವರು ಕೊನೇ ಹಾಡನ್ನ ಮೌನದಾಗ ಹಾಡ್ತಾರ. ಎಲ್ಲಾರೂ ಕಣ್ಣು ಮುಚ್ಚಿ ಕೇಳ್ರಿ."

ಕೇಳಿದರು! ಇನ್ನೂರು ಜನ ಕಣ್ಣು ಮುಚ್ಚಿ ಕೂತು ನನ್ನ ತಪ್ಪನ್ನು ಕೇಳಿದರು. ಇಪ್ಪತ್ತೊಂದು ವರ್ಷದ ಹಿಂದೆ ಕೇಳಿದ್ದು ಯಾರಿಗೂ ಗಟ್ಟಿ ನೆನಪಿರಲಿಲ್ಲ, ಒಬ್ಬಳು ಮಾತ್ರ ಒಪ್ಪಲಿಲ್ಲ. ತೊಂಬತ್ತರ ನೀಲಗಂಗವ್ವ, ಕಣ್ಣು ಕಾಣದವಳು, ಗೋಡೆಗೆ ಒರಗಿ ಕೂತಲ್ಲಿಂದಲೇ ಅಂದಳು.

"ಏ ಫಕೀರ್ಯಾ, ಅಲ್ಲಿ ಹಾಡಿತ್ತಲ್ಲೋ. ನಾ ಮೂರ ಸಲ ಕೇಳೇನಿ. ನಿಮ್ಮವ್ವ ಹಾಡ್ತಿದ್ದಳಲ್ಲ, ಅದ."

ಆಗ ನಾನು ಹೇಳಿದ ಮಾತನ್ನು ಬರೆಯಲು ಈ ಹಾಳೆಯನ್ನು ನಾಲ್ಕು ಸಲ ಮಡಚಿಟ್ಟು ಎದ್ದು ಹೋಗಿದ್ದೇನೆ.

"ಅದು ತಟ್ಟೀದಲ್ಲಬೇ ಆಯಿ," ಅಂದೆ. "ನಮ್ಮವ್ವಗ ನಾಕ್ ಮಂದ್ಯಾಗ ಮರ್ಯಾದಿ ಬೇಕಾಗಿತ್ತು. ತಾನ ಏನರ ಕಟ್ಟಿ ಹಾಡ್ತಿದ್ಲು."

ಯಾರೋ ನಕ್ಕರು. ನಗಿಸಲೆಂದೇ ಹೇಳಿದ್ದೆ. ಸಾಯೊ ತಮ್ಮ ಖಾಲಿ ಹಾಳೆಯನ್ನು ಮಡಚಿ ಹಣೆಗೆ ಒತ್ತಿಕೊಂಡು, ನನಗೆ ಮೂರು ಸಲ ಬಾಗಿ ನಮಸ್ಕಾರ ಮಾಡಿ ಹೋದರು. ಹೋದ ತಿಂಗಳು ಅವರ ಕಾಗದ ಬಂತು. ಅವರ ಜನ ಈ ವರ್ಷದಿಂದ ವರ್ಷಕ್ಕೊಮ್ಮೆ ದೋಣಿಗಳಲ್ಲಿ ಹೋಗಿ, ಮುಳುಗಿದ ಬಂದರಿನ ಮೇಲೆ ತೇಲುತ್ತಾ, ಕೊನೆಯ ಹಾಡಿನ ನೆನಪಿಗೆ ಸುಮ್ಮನೆ ಕೂಡುತ್ತಾರಂತೆ. ಕಲಿಸಿಕೊಟ್ಟದ್ದಕ್ಕೆ ನನಗೆ ಉಪಕಾರ ಸ್ಮರಣೆ. ಬೀದಿಗಳ ಹೆಸರು ಬೇಕಾಗಿದ್ದವರಿಗೆ ನಾನು ಸುಮ್ಮನಿರುವುದನ್ನು ಕಲಿಸಿಕೊಟ್ಟಿದ್ದೆ.

ನಿನ್ನೆ ಪಂಚರನ್ನು ಕರೆಸಿ, ಕಟ್ಟೆ ಹತ್ತಿ, ಕಡಪ ಕಲ್ಲು, ಸೀಕರಣೆ, ಹಂಚು ಎಲ್ಲವನ್ನೂ ಹೇಳಿದೆ. ಮುಳ್ಳು ಮತ್ತು ಕೀಲಿ ಇಸಿದುಕೊಂಡರು. ಸಾಯೊ ಅವರಿಗೆ ನಿಜ ಬರೆದು ಹಾಕಿದೆ. ಬೈಯಬಹುದಿತ್ತು, ಯಾರೂ ಬೈಯಲಿಲ್ಲ. ನನ್ನ ಮಾತಿಗೆ ಮೊದಲ ಸಲ ಯಾರೂ ನಗಲೂ ಇಲ್ಲ. ಕಾಶವ್ವ ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮಾಮಾ, ತಟ್ಟಿ ಕೆಟ್ಟಿದ್ದು ಬ್ಯಾರೆ. ದ್ಯಾಮವ್ವ ಆಯಿ ಸುಳ್ಳು ಹಾಡ್ತಿದ್ಲು ಅಂದ್ಯಲ್ಲ, ಅದನ್ನ ಯಾರ ಮುಂದ ತಿದ್ದತಿ?"

ಅದಕ್ಕೇ ಈ ಪತ್ರ ನಿಮಗೆ. ನಿಮ್ಮ ಕಾಲದಲ್ಲಿ ಚಿಯೊರಿ ಅಮಗಾಸೆ ಬದುಕಿದ್ದಾಳೆ. ಏಳನೇ ತಟ್ಟೆ ಬಂದಿದೆಯೋ ಇನ್ನೂ ಬರಬೇಕೋ ನನಗೆ ತಿಳಿಯದು. ಬಂದಾಗ ನಿಮ್ಮಲ್ಲಿ ಯಾರಾದರೂ ಒಬ್ಬರು ಅದರ ಕೊನೆಯ ಹಾಡನ್ನು ಕೇಳಿ. ಕೇಳಿ ಬಿಡಬೇಡಿ, ಕಲಿಯಿರಿ. ಭಾಷೆ ಬರದಿದ್ದರೆ ಚಿಂತೆಯಿಲ್ಲ, ನಮ್ಮವ್ವನಿಗೂ ಬರುತ್ತಿರಲಿಲ್ಲ. ಬೀದಿಗಳ ಹೆಸರು ಒಂದೂ ತಪ್ಪದಂತೆ ನಿಮ್ಮ ಮಕ್ಕಳಿಗೆ ಕಲಿಸಿ, ಅವರ ಮಕ್ಕಳಿಗೆ ಕಲಿಸಲು ಹೇಳಿ. ಬರ್ತೈತಿ ಬಿಡಬೇ ಎಂದು ಎದ್ದು ಓಡುವವನನ್ನು ಹಿಡಿದು ಕೂಡಿಸಿ. ಆಕೆಯನ್ನು ಕಾಣುವ ಯೋಗ ಯಾರಿಗಾದರೂ ಬಂದರೆ ಇಷ್ಟು ತಿಳಿಸಿ: ಕರಿಗುಡ್ಡದಹಾಳದ ದ್ಯಾಮವ್ವ ನಿನ್ನ ಹಾಡನ್ನು ನೀನು ಹಾಡಿದ ಹಾಗೇ ಹಾಡಿದಳು, ಒಂದಕ್ಷರವನ್ನೂ ತನ್ನದೆಂದು ಸೇರಿಸಲಿಲ್ಲ.

ನೀವು ಒಪ್ಪಿ ಹೊತ್ತಿದ್ದರೆ, ಹಾಡು ಈ ಹೊತ್ತಿಗೆ ನಮ್ಮ ಸೀಮೆಯ ಯಾವುದೋ ಒಂದು ಮನೆಗೆ ಬಂದು ಸೇರಿರಬೇಕು. ಈ ಕಾಗದವನ್ನು ಟಪಾಲಿಗೆ ಹಾಕಿ, ನಾಳೆ ಬೆಳಿಗ್ಗೆ ಹೊರಡುತ್ತೇನೆ. ಊರೂರು ತಿರುಗಿ, ಬಾಗಿಲು ಬಾಗಿಲಿಗೆ ನಿಂತು ಕೇಳುತ್ತೇನೆ. ಕಲಿಯದಿದ್ದರೂ ಗುರುತು ಸಿಗುತ್ತದೆ, ನಲವತ್ತು ವರ್ಷ ಅದು ನನ್ನ ಕಿವಿಯ ಮೇಲೆ ಬಿದ್ದಿದೆ. ಯಾರಾದರೂ ಅದನ್ನು ಹಾಡುತ್ತಿರುವುದು ಕೇಳಿಸಿದರೆ ಹೊಸ್ತಿಲ ಹೊರಗೇ ಕೂತು, ಇದು ನಮ್ಮವ್ವನ ಹಾಡು, ನನಗೆ ಬರುವುದಿಲ್ಲ, ಮೊದಲಿಂದ ಕಲಿಸಿರಿ ಎಂದು ಕೇಳುತ್ತೇನೆ.