ಆಸ್ಪತ್ರೆಯಲ್ಲಿ ಹೋದಳು ಅಂದುಬಿಟ್ಟೆ

ಅವ್ವಾ,

ಸುಣ್ಣ ಬಳಿದು ಬಳಿದು ತೋಳು ಬಿದ್ದುಹೋಗಿದೆ. ಅದರ ಮೇಲೆ ಬಚ್ಚಲ ಮೋರಿ ಇವತ್ತೇ ಕಟ್ಟಿಕೊಳ್ಳಬೇಕಿತ್ತಾ? ಮನೆ ನೋಡಲು ದುದ್ದದ ಮೇಷ್ಟ್ರು ತಮ್ಮ ತಾಯಿಯನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಬರುವವರಿದ್ದರು, ಅದಕ್ಕೇ ಇಷ್ಟೆಲ್ಲ ಪರದಾಟ. ಈ ಮನೆ ಮಾರಿ ದುಡ್ಡು ಹಾಕಿದರೆ ತಾನೇ ಪುಣೆಯ ಬೇಕರಿಯಲ್ಲಿ ನನಗೆ ಪಾಲು. ಬರೆಯಲು ಕೂತರೆ ಕೈ ಓಡುವುದಿಲ್ಲ, ಮೊಬೈಲಿಗೆ ಹೇಳುತ್ತಿದ್ದೇನೆ.

ನೀನು ಇಲ್ಲೇ ಮನೆಯಲ್ಲಿ ಹೋದ ದಿನ ನಕ್ಷತ್ರ ಸರಿಯಿಲ್ಲ ಅಂತ ಐನೋರು ಮೂರು ತಿಂಗಳು ಬಾಗಿಲು ಹಾಕಿಸಿದರು. ಹೊಳೆನರಸೀಪುರದ ಈ ಮನೆಗೆ ಬೀಗ ಹಾಕಿ ಚನ್ನರಾಯಪಟ್ಟಣದಲ್ಲಿ ತಂಗಿ ಗೌರಿಯ ಮನೆ ಸೇರಿದ್ದೆವು. ಇದು ಗೊತ್ತಾದರೆ ಯಾರು ಕೊಳ್ಳುತ್ತಾರೆ? ನಿನ್ನೆಯೇ ನಿನ್ನ ತಮ್ಮ ಪಾಠ ಮಾಡಿದ. "ಅಕ್ಕ ಇಲ್ಲೋದ್ಲು ಅನ್ಬ್ಯಾಡ ಕಣ್ಲಾ. ಆಸನದ ಆಸ್ಪತ್ರೇಲಿ ಅನ್ನು, ಸಾಕು." ನಿನ್ನ ಮಂಚ ಹಿತ್ತಲಿಗೆ ಹಾಕಿದೆವು, ಹಾರ ಹಾಕಿದ ಫೋಟೋ ಇಳಿಸಿದೆವು. ಪಕ್ಕದ ಮನೆಯವರಿಗೂ ಸುಮ್ಮನಿರಲು ಹೇಳಿಯಾಯಿತು.

ಮೇಸ್ತ್ರಿ ಗೋಡೆ ತಟ್ಟಿದ, ತೊಲೆಗೆ ಚಾಕು ಚುಚ್ಚಿ ಗೆದ್ದಲು ಹುಡುಕಿದ. ಎಲ್ಲಕ್ಕೂ ಉತ್ತರ ಕೊಟ್ಟೆ. ಮೇಷ್ಟ್ರ ತಾಯಿ ಮಾತ್ರ ನೀನು ಮಲಗುತ್ತಿದ್ದ ಕೋಣೆಯಲ್ಲಿ ಗೋಡೆಗೊರಗಿ ಕೂತುಬಿಟ್ಟರು. ನಿಮ್ಮವ್ವ ಎಲ್ಲಿ ತೀರಿಕೊಂಡರು ಅಂತ ಕೇಳಿದರು. ಹಾಸನದ ಆಸ್ಪತ್ರೆಯಲ್ಲಿ ಅಂದೆ. ಅಷ್ಟಕ್ಕೆ ಬಿಡಬಾರದಿತ್ತೇ ಆ ಅಜ್ಜಿ? ಹತ್ತಿರ ಯಾರಿದ್ದರು, ಬಾಯಿಗೆ ನೀರು ಬಿಟ್ಟವರು ಯಾರು ಅಂತ ಶುರುಮಾಡಿದರು. ರಾತ್ರಿ ನಮ್ಮನ್ನು ಒಳಗೆ ಬಿಡಲಿಲ್ಲ, ಯಾರೂ ಇರಲಿಲ್ಲ ಅಂದುಬಿಟ್ಟೆ. ಬಾಯಿಗೆ ಬಂದದ್ದು...

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಇಂತಾ ಮನೆ ಮಡಿಕ್ಕಂಡು ಆ ತಾಯಿ ಒಬ್ಳೇ ಓದ್ಳಾ ಮಗಾ?"

ಅವತ್ತು ನೀನು ಗೌರಿಯ ತೊಡೆಯ ಮೇಲೆ ತಲೆಯಿಟ್ಟಿದ್ದೆ. ಜಡೆ ಬಿಗಿಯಾಯಿತು ಅಂತ ಅವಳನ್ನು ಬೈದೆ. ನೀರು ಬಿಟ್ಟವನು ನಾನೇ. ಎರಡು ಗುಟುಕು ಕುಡಿದು, ಸಾಕು ಅಂತ ನನ್ನ ಕೈ ಹಿಡಿದುಕೊಂಡೆ, ಬಿಡಲೇ ಇಲ್ಲ. ಅದನ್ನೂ ನಿನ್ನಿಂದ ಕಿತ್ತುಕೊಂಡು ಇನ್ಯಾರದೋ ಅನಾಥ ಸಾವು ನಿನಗೆ ಕಟ್ಟಿದೆನಲ್ಲ, ನಾನೊಬ್ಬ ಮಗನಾ?

ಅವರಿಗೆ ಮನೆ ಒಪ್ಪಿಗೆಯಾಗಿದೆ. ಮಾವನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ನನಗೆ ಊಟ ಸೇರಲಿಲ್ಲ. ಎದ್ದು ಮೇಷ್ಟ್ರ ಮನೆಗೆ ಫೋನ್ ಮಾಡಿ, ಅಜ್ಜಿಗೆ ಕೊಡಿ ಅಂದೆ. ಮಲಗಿಬಿಟ್ಟಿದ್ದಾರೆ ಅಂದರು ಸೊಸೆ. ನಿನ್ನ ವಿಷಯ, ನಕ್ಷತ್ರದ ವಿಷಯ, ಎಲ್ಲ ಹೇಳುತ್ತೇನೆ ಅವ್ವಾ. ಆಮೇಲೆ ಬೇಡ ಅಂದರೆ ಬೇಡ ಅನ್ನಲಿ. ಬೆಳಗ್ಗೆ ಪೂಜೆ ಮುಗಿಸಿರುತ್ತಾರಂತೆ, ಎಂಟು ಗಂಟೆಗೆ ಮತ್ತೆ ಮಾಡುತ್ತೇನೆ.