ಎರಡನೇ ಟ್ರಾಂಬೋನಿನ ಕುರ್ಚಿ

ಅಪ್ಪಾ,

ಮಾತಾಡಿಸಿದರೆ ಗೋಡೆಗೆ ಮುಖ ತಿರುಗಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಬೀದಿಯವರನ್ನೆಲ್ಲ ಕಾಡಿ ಬೇಡಿ ನಾನೊಂದು ಜಾಝ್ ಬ್ಯಾಂಡ್ ಕಟ್ಟಿದ್ದೇನೆ. ಭಾನುವಾರದ ಅಭ್ಯಾಸಕ್ಕೆ ಬನ್ನಿ. ನಿಮ್ಮ ಟ್ರಾಂಬೋನ್ ಒರೆಸಿ ಎಣ್ಣೆ ಹಾಕಿಟ್ಟಿದ್ದೇನೆ.

"ಲಕ್ವ ಹೊಡೆದ ಬಾಯಲ್ಲಿ ಅವರೇನು ಊದ್ತಾರೆ, ಬಿಡೇ" ಅಂದಳು ಅಮ್ಮ. ಊದಬೇಡಿ. ಹದಿನೇಳು ಜನರ ಗದ್ದಲದಲ್ಲಿ ಯಾರು ಊದುತ್ತಿಲ್ಲವೆಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ಕಟಿಂಗ್ ಅಂಗಡಿ ಮಾವನೂ ಮಗ ತೀರಿಕೊಂಡ ಮೇಲೆ ಟ್ರಂಪೆಟ್ ಹಿಡಿದು ಬರೀ ಕೆನ್ನೆ ಉಬ್ಬಿಸುತ್ತಾನೆ. ನಾನು ಕಂಡೂ ಕಾಣದ ಹಾಗಿದ್ದೇನೆ. ಅವನೇ ಬಂದು ನಿಮ್ಮ ಗಡ್ಡ ಬೋಳಿಸುತ್ತಾನೆ. ರೇಜರ್ ಅವನೇ ತರುತ್ತಾನೆ, ವಾಪಸ್ಸೂ ಒಯ್ಯುತ್ತಾನೆ.

ನಿದ್ದೆ ಮಾತ್ರೆಗಾಗಿ ಅಮ್ಮನನ್ನು ಪೀಡಿಸಬೇಡಿ. ಆಸ್ಪತ್ರೆಯಿಂದ ನಿಮ್ಮನ್ನು ಕರೆತಂದ ದಿನದಿಂದ ಡಬ್ಬಿ ನನ್ನ ಹತ್ತಿರವೇ ಇದೆ.

ಎರಡನೇ ಟ್ರಾಂಬೋನಿನ ನಿಮ್ಮ ಕುರ್ಚಿಯನ್ನು, ಬ್ಯಾಂಡ್ ನಡೆಸಲು ನಾನು ನಿಲ್ಲುವ ಜಾಗದ ಎದುರಿಗೇ ಹಾಕಿಸಿದ್ದೇನೆ. ಇನ್ನೊಮ್ಮೆ ನನ್ನ ಕಣ್ಣು ತಪ್ಪಿಸಿ ಹೋಗಲು ಬಿಡುವುದಿಲ್ಲ.

ನಿಮ್ಮ ಮೊಂಡು ಮಗಳು